ಇಪ್ಪತ್ತು ಕಿಲೋ

ಗಿಡ್ಡಿ ಮೂಟೆ ಹೊತ್ತು ನಡೆದರೆ ಮೂಟೆಗೇ ಕಾಲು ಮೂಡಿದ ಹಾಗೆ ಕಾಣುತ್ತಿತ್ತು. ಸಗಟು ಮಾರುಕಟ್ಟೆಯ ಗಂಡಸರು ಅದನ್ನೇ ಹೇಳಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದೆ ಇದ್ದರೆ ಮೂಟೆಯೇನು ಹಗುರಾಗುತ್ತಿತ್ತೇ?

ಈರುಳ್ಳಿ ಗೋದಾಮು ಮೇಲಿನ ಅಂತಸ್ತಿನಲ್ಲಿತ್ತು. ಗಾಳಿಯಾಡದಿದ್ದರೆ ಈರುಳ್ಳಿ ಕೊಳೆಯುತ್ತದೆ ಅಂತ ಮಹಡಿಯ ಮೇಲೆ ಇಡುತ್ತಿದ್ದರು. ಲಾರಿ ಕೆಳಗೆ ನಿಲ್ಲುತ್ತಿತ್ತು. ಮಧ್ಯೆ ಇಪ್ಪತ್ಮೂರು ಮೆಟ್ಟಿಲು. ಲಾರಿಗೆ ಬೆನ್ನು ಕೊಟ್ಟು ನಿಂತರೆ, ಮೇಲಿದ್ದವನು ಮೂಟೆಯನ್ನು ಎಳೆದು ತಲೆಯ ಮೇಲಿನ ಬಟ್ಟೆ ಸಿಂಬೆಗೆ ಇಳಿಸುತ್ತಿದ್ದ. ಆ ಒಂದು ಗಳಿಗೆ ಕತ್ತು ಎದೆಗೂಡಿನೊಳಗೆ ಇಳಿದುಹೋದಂತೆ ಆಗುತ್ತಿತ್ತು. ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಆಮೇಲೆ ಕಾಲು ತಾನೇ ನಡೆಯುತ್ತಿತ್ತು. ಮೆಟ್ಟಿಲು ಹತ್ತುವಾಗ ಉಸಿರು ಬಿಗಿಹಿಡಿಯಬಾರದು, ಬಿಡುತ್ತ ಹತ್ತಬೇಕು. ಇದನ್ನು ಅವಳಿಗೆ ಕಲಿಸಿದ್ದು ಗಂಟಲಕ್ಕ.

ಗಂಟಲಕ್ಕ ನಲವತ್ತು ಹೆಂಗಸು ಹಮಾಲಿಗಳಲ್ಲಿ ಹಿರಿಯಳು. ಐವತ್ತು ದಾಟಿದ್ದಳು. ಸಾಲಿನಲ್ಲಿ ಯಾವಾಗಲೂ ಮುಂದೆ. ಮೊದಲ ಮೆಟ್ಟಿಲಿಗೆ ಕಾಲಿಟ್ಟಳೆಂದರೆ, “ದಾರೀ! ದಾರಿ ಬಿಡ್ರಪ್ಪಾ, ಮೂಟೆಗೆ ಕಣ್ಣಿಲ್ಲ!” ಎಂದು ಕೂಗುತ್ತಿದ್ದಳು. ಆ ಕೂಗು ಮಾರುಕಟ್ಟೆಯ ಆಚೆ ಗೇಟಿನ ಚಹಾ ಅಂಗಡಿಗೂ ಕೇಳುತ್ತಿತ್ತು. ಮೇಲಿಂದ ಇಳಿಯುತ್ತಿದ್ದವರು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಗೋದಾಮಿನ ಯಜಮಾನನೂ ಒಂದೆರಡು ಸಲ ಹಾಗೆ ಅಂಟಿಕೊಂಡದ್ದುಂಟು. ಆ ಹೆಂಗಸಿಗೆ ಹುಟ್ಟಿದಾಗ ಇಟ್ಟ ಹೆಸರೇನೆಂದು ಯಾರಿಗೂ ನೆನಪಿರಲಿಲ್ಲ. ಅವಳ ತೋಳಿಗೆ ಹಿತ್ತಾಳೆ ಬಿಲ್ಲೆ ಇತ್ತು. ಎಲ್ಲರಿಗೂ ಇತ್ತು. ಬಿಲ್ಲೆಯ ಮೇಲೆ ನಂಬರು. ಬಿಲ್ಲೆ ಇದ್ದವರು ಹಮಾಲಿಗಳು. ಇಲ್ಲದವರು ಬೀದಿಯವರು.

ಗಿಡ್ಡಿಯ ಮನೆಯಲ್ಲಿ ಇದ್ದದ್ದು ಅವಳು ಮತ್ತು ಅತ್ತೆ. ಗಂಡ ಇನ್ನೊಬ್ಬಳ ಜೊತೆ ಹೋಗಿ ಒಂಬತ್ತು ವರ್ಷವಾಗಿತ್ತು. ಹೋಗುವಾಗ ತಾಯಿಯನ್ನೂ ಬಿಟ್ಟುಹೋದ. ಅತ್ತೆಗೆ ಮೊಣಕಾಲು ಬಾರದು, ನಾಲಿಗೆ ಮಾತ್ರ ಚುರುಕು. ಹೆತ್ತದ್ದು ಮಗನನ್ನು, ದಕ್ಕಿದ್ದು ಸೊಸೆ, ಸದ್ಯ ತನಗೇ ಲಾಭವಾಯಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಗಿಡ್ಡಿಗೆ ಎರಡು ವರ್ಷದಿಂದ ಒಂದು ತೊಂದರೆ ಇತ್ತು. ತೊಡೆಯ ಸಂದಿಯಲ್ಲಿ ಏನೋ ಜಾರಿ ಹೊರಗೆ ಬರುತ್ತಿತ್ತು. ಬೆಳಿಗ್ಗೆ ಎದ್ದು, ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳಿನಿಂದ ಅದನ್ನು ಒಳಗೆ ತಳ್ಳಿ, ಬಟ್ಟೆ ಬಿಗಿದು ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಹೊತ್ತಿಗೆ ಅದು ಮತ್ತೆ ಇಳಿದಿರುತ್ತಿತ್ತು. ಬಟ್ಟೆ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಯಾರಿಗೂ ಹೇಳಿರಲಿಲ್ಲ. ಒಂದು ದಿನ ಹದಿನೈದನೇ ಮೆಟ್ಟಿಲಲ್ಲಿ ಮುಂದೆ ಹೆಜ್ಜೆ ಇಡಲಾರದೆ ನಿಂತುಬಿಟ್ಟಳು. ಗಂಟಲಕ್ಕ ತನ್ನ ಮೂಟೆ ಹಾಕಿ ಬಂದು ಅವಳ ಮೂಟೆಯನ್ನೂ ಇಳಿಸಿಕೊಂಡಳು. ಏನೂ ಕೇಳದೆ ಕೈ ಹಿಡಿದು ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು.

ಡಾಕ್ಟರಮ್ಮ ವಾರಕ್ಕೊಂದು ದಿನ ಬರುತ್ತಿದ್ದಳು. ಮಾರುಕಟ್ಟೆಯ ಹಳೆ ತೂಕದ ಕೋಣೆಯಲ್ಲಿ ಒಂದು ಮೇಜು, ಒಂದು ಪರದೆ. ಇನ್ನೂ ಚಿಕ್ಕ ವಯಸ್ಸು. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಹೇಳಿದ್ದನ್ನು ಪೂರ್ತಿ ಕೇಳುತ್ತಿದ್ದಳು. ಬೆವರಿನ ಮೈಯನ್ನು ಮುಟ್ಟುವಾಗ ಮುಖ ಸಿಂಡರಿಸುತ್ತಿರಲಿಲ್ಲ. ಗಿಡ್ಡಿಯನ್ನು ಪರೀಕ್ಷೆ ಮಾಡಿ, ಗರ್ಭಕೋಶ ಜಾರಿದೆ ಎಂದಳು. ಆಮೇಲೆ ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದಳು. ನಲವತ್ತೊಂದು ಕಿಲೋ. ಹೊರಗಿನಿಂದ ಒಂದು ಮೂಟೆ ತರಿಸಿ ಅದೇ ತಕ್ಕಡಿಯ ಮೇಲೆ ಇಡಿಸಿದಳು. ಐವತ್ತು. ಡಾಕ್ಟರಮ್ಮ ತುಂಬ ಹೊತ್ತು ಆ ಮುಳ್ಳನ್ನೇ ನೋಡುತ್ತ ಕೂತಳು.

“ಇದು ಕೆಲಸ ಅಲ್ಲ ಕಣಮ್ಮ, ಇದು ಶಿಕ್ಷೆ,” ಅಂದಳು.

ಒಳಗೆ ಒಂದು ರಬ್ಬರ್ ಬಳೆ ಕೂರಿಸಿ, ಗರ್ಭಕೋಶ ಇಳಿಯದಂತೆ ತಡೆ ಮಾಡಿದಳು. ಭಾರ ಎತ್ತಬೇಡ ಅಂದಳು. ಗಿಡ್ಡಿ ಆಗಲಿ ಅಂದು ಹೋಗಿ ಮೂಟೆ ಹೊತ್ತಳು. ಮುಂದಿನ ವಾರಗಳಲ್ಲಿ ಡಾಕ್ಟರಮ್ಮ ಉಳಿದ ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ಪರದೆಯ ಹಿಂದೆ ಕರೆದಳು. ಅರ್ಧಕ್ಕಿಂತ ಹೆಚ್ಚು ಜನರಿಗೆ ಇದೇ ಕಾಯಿಲೆ. ಪ್ರತಿಯೊಬ್ಬಳೂ ತನಗೊಬ್ಬಳಿಗೇ ಎಂದುಕೊಂಡಿದ್ದಳು. ಡಾಕ್ಟರಮ್ಮ ಅದನ್ನೆಲ್ಲ ಬರೆದಳು. ಮೇಲಿನವರಿಗೆ ಕಳಿಸಿದಳು. ಉತ್ತರ ಬರದಿದ್ದಾಗ ಮತ್ತೆ ಕಳಿಸಿದಳು. ಕೊನೆಗೆ ದೊಡ್ಡ ಕಚೇರಿಯಲ್ಲಿ ಒಂದು ವಿಚಾರಣೆ ಇಟ್ಟರು. ಬರಿ ಕಾಗದ ಓದಿದರೆ ಅವರ ಮನಸ್ಸು ಕರಗುವುದಿಲ್ಲ, ನೀನೇ ಬಂದು ಹೇಳಬೇಕು ಎಂದು ಡಾಕ್ಟರಮ್ಮ ಗಿಡ್ಡಿಯ ಎರಡೂ ಕೈ ಹಿಡಿದು ಕೇಳಿಕೊಂಡಳು.

ಗಿಡ್ಡಿ ಹೋದಳು. ಉದ್ದನೆಯ ಮೇಜಿನ ಆಚೆ ಒಂಬತ್ತು ಜನ ಅಧಿಕಾರಿಗಳು. ಮುಂದೆ ನೀರಿನ ಲೋಟಗಳು. ಮೈಕು ಅವಳ ಎತ್ತರಕ್ಕೆ ಸಿಗಲಿಲ್ಲ, ಜವಾನ ಬಂದು ಬಗ್ಗಿಸಿದ. ಹೆಂಡತಿ ಗಂಡನಿಗೆ ಹೇಳಲು ನಾಚುವ ಮಾತನ್ನು ಅವಳು ಒಂಬತ್ತು ಜನ ಅಪರಿಚಿತರ ಮುಂದೆ ಹೇಳಿದಳು. ಬೆಳಿಗ್ಗೆ ಬೆರಳಿನಿಂದ ಒಳಗೆ ತಳ್ಳಿಕೊಳ್ಳುವುದನ್ನೂ ಹೇಳಿದಳು. ಅವರಲ್ಲಿದ್ದ ಒಬ್ಬ ಹೆಣ್ಣುಮಗಳು ಕಣ್ಣೊರೆಸಿಕೊಂಡಳು. ನಿಮಗೇನು ಬೇಕು ಎಂದು ಒಬ್ಬರು ಕೇಳಿದರು.

“ಮೂಟೆ ಚಿಕ್ಕದು ಮಾಡ್ಸಿ. ಮಹಡಿಗೆ ಏರ್ಸೋಕೆ ಒಂದು ಯಂತ್ರ ಹಾಕ್ಸಿ. ಅಷ್ಟೇ ಸ್ವಾಮಿ.”

ಡಾಕ್ಟರಮ್ಮನ ವರದಿಯಲ್ಲೂ ಅದೇ ಇತ್ತು, ಮೂರನೇ ಪುಟದಲ್ಲಿ. ಮೊದಲೆರಡು ಪುಟಗಳಲ್ಲಿ ಗರ್ಭಕೋಶ ಇತ್ತು. ಅಧಿಕಾರಿಗಳು ಎರಡು ಪುಟ ಓದಿ ತಲೆ ತಗ್ಗಿಸಿದರು. ಪತ್ರಿಕೆಯಲ್ಲಿ ಗಿಡ್ಡಿ ಮೂಟೆ ಹೊತ್ತ ಚಿತ್ರ ಬಂತು. ಅತ್ತೆ ಅದನ್ನು ನೋಡಿ, ಮುಖವೇ ಕಾಣುತ್ತಿಲ್ಲ, ಇದು ಯಾರ ಮೂಟೆಯಾದರೂ ಆಗಬಹುದು ಎಂದಳು.

ಮೂರು ತಿಂಗಳಿಗೆ ಕಾನೂನು ಬಂತು. ಡಾಕ್ಟರಮ್ಮ ಕಾಗದ ಹಿಡಿದು ಓಡುತ್ತಲೇ ಬಂದಳು. ಇನ್ನು ಯಾವ ಹೆಂಗಸಿನ ಕೈಲೂ ಇಪ್ಪತ್ತು ಕಿಲೋಗಿಂತ ಹೆಚ್ಚು ಭಾರ ಎತ್ತಿಸುವ ಹಾಗಿಲ್ಲ. ಎತ್ತಿಸಿದರೆ ಅಂಗಡಿಗೆ ಬೀಗ. ಅದನ್ನು ಓದಿ ಹೇಳಿ, ಗಿಡ್ಡಿಯನ್ನು ತಬ್ಬಿಕೊಂಡು ಅತ್ತಳು. ಹೆಂಗಸರು ಚಪ್ಪಾಳೆ ತಟ್ಟಿದರು. ಗಂಟಲಕ್ಕ ಒಬ್ಬಳು ಮಾತ್ರ ಕೇಳಿದಳು, “ಇಪ್ಪತ್ತು ಕಿಲೋ ಮೂಟೆ ಯಾವತ್ತಿಂದ ಬರುತ್ತೆ ಡಾಕ್ಟರಮ್ಮ?”

ಇನ್ನು ಬರಲೇಬೇಕಲ್ಲ ಎಂದಳು ಡಾಕ್ಟರಮ್ಮ. ಅವಳು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ನಂಬಿದ್ದಳು.

ಸೋಮವಾರ ಬೆಳಿಗ್ಗೆ ಹೋದಾಗ ಗೇಟಿಗೆ ಹೆಂಗಸು ಹಮಾಲಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು ತೂಗುಹಾಕಿದ್ದರು. ಕಾವಲುಗಾರನ ಕೊರಳಲ್ಲಿ ಹೊಸ ಸೀಟಿ. ಪಕ್ಕದಲ್ಲಿ ಹಮಾಲಿಗಳ ಮೇಸ್ತ್ರಿ ಒಂದು ಬಕೆಟ್ಟು ಇಟ್ಟುಕೊಂಡು ನಿಂತಿದ್ದ. ಹೆಂಗಸರು ಬಿಲ್ಲೆ ಬಿಚ್ಚಿ ಅದರಲ್ಲಿ ಹಾಕಬೇಕು ಎಂದ. ಯಾಕೆ ಎಂದು ಕೇಳಿದರು. ಯಜಮಾನನೇ ಹೊರಗೆ ಬಂದ. ಅವನು ಕೂಗಾಡಲಿಲ್ಲ. ಮೂಟೆ ಕಟ್ಟುವವನು ಎಲ್ಲೋ ಇದ್ದಾನೆ, ಲಾರಿಯವನು ಬೇರೆ, ಐವತ್ತು ಕಿಲೋ ಮೂಟೆಯನ್ನು ತಾನು ಯಾರಿಗೆ ಹೇಳಿ ಇಪ್ಪತ್ತು ಮಾಡಿಸಲಿ, ಯಂತ್ರ ಹಾಕಿಸು ಎಂದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ ಎಂದು ಸಮಾಧಾನವಾಗಿ ವಿವರಿಸಿದ. ಕೊನೆಗೆ, “ನನಗೂ ಬೇಜಾರೇ ತಾಯಿ. ಆದ್ರೆ ನಿಮ್ಮ ಒಳ್ಳೇದಕ್ಕೇ ಮಾಡಿರೋ ಕಾನೂನು,” ಎಂದ.

ಬಿಲ್ಲೆಗಳು ಬಕೆಟ್ಟಿಗೆ ಬಿದ್ದವು. ಕೊನೆಯಲ್ಲಿ ಬಿಚ್ಚಿದವಳು ಗಂಟಲಕ್ಕ. ಇಪ್ಪತ್ತೆರಡು ವರ್ಷ ಬಿಲ್ಲೆ ಕೂತಿದ್ದ ಜಾಗದಲ್ಲಿ ತೋಳಿನ ಚರ್ಮ ಬೆಳ್ಳಗೆ, ಮೆತ್ತಗೆ ಉಳಿದಿತ್ತು, ಕೂಸಿನ ಚರ್ಮದ ಹಾಗೆ. ಅವಳು ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು.

ಗೇಟಿನಿಂದ ತಿರುಗಿ ಬರುವಾಗ ಒಬ್ಬಳು ಗಿಡ್ಡಿಯ ಮುಂದೆ ಬಂದು ನಿಂತಳು. ಮೂರು ಮಕ್ಕಳ ತಾಯಿ, ಮೆಳ್ಳಗಣ್ಣಿನವಳು. ಎಲ್ಲರೂ ಅವಳನ್ನು ಮೆಳ್ಳಿ ಎನ್ನುತ್ತಿದ್ದರು.

“ನಿನ್ನ ಹೊಟ್ಟೆ ಬಿಚ್ಚಿ ತೋರ್ಸಿ ನಮ್ಮ ಹೊಟ್ಟೆ ಮೇಲೆ ಹೊಡೆದೆಯಲ್ಲೇ,” ಅಂದಳು.

ಮರುದಿನದಿಂದ ನೀರಿನ ಸಾಲಿನಲ್ಲಿ ಅವಳ ಹಿಂದೆ ಯಾರೂ ನಿಲ್ಲಲಿಲ್ಲ. ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಡಾಕ್ಟರಮ್ಮ ಕೈಕಟ್ಟಿ ಕೂರಲಿಲ್ಲ. ಓಡಾಡಿ, ಹತ್ತು ಜನ ಹೆಂಗಸರಿಗೆ ಮೇಣದಬತ್ತಿ ಮಾಡುವುದನ್ನು ಕಲಿಸಲು ಒಂದು ತರಗತಿ ಶುರು ಮಾಡಿಸಿದಳು. ಕಲಿತವರಿಗೆ ಪ್ರಮಾಣಪತ್ರ ಕೊಟ್ಟರು. ಬತ್ತಿಗಳನ್ನು ಕೊಳ್ಳುವವರು ಇರಲಿಲ್ಲ. ಹೆಂಗಸರು ತಾವೇ ಮನೆಯಲ್ಲಿ ಹಚ್ಚಿಕೊಂಡರು. ಕೆಲವರ ಮನೆಯಲ್ಲಿ ಕರೆಂಟು ಕಿತ್ತುಹಾಕಿದ್ದರಿಂದ ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ಮನೆಯ ಮಾಲೀಕ ಬಾಗಿಲಿಗೆ ಬಂದು ಬಾಡಿಗೆ ಕಟ್ಟದಿದ್ದರೆ ಖಾಲಿ ಮಾಡಿ ಎಂದು ಹೇಳಿಹೋದ ದಿನ ಅತ್ತೆ ಗೋಡೆಗೊರಗಿ ಕೂತು, “ನಿನ್ನ ಗರ್ಭಕೋಶ ಒಳಗೆ ಹೋಯ್ತು, ನಾವು ಹೊರಗೆ ಬಂದ್ವಿ,” ಎಂದಳು. ಇಬ್ಬರೂ ನಕ್ಕರು. ನಗುತ್ತಲೇ ಗಿಡ್ಡಿಗೆ ಅಳು ಬಂತು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಮೂಟೆ ಕೂತು ಕೂತು ಕೂದಲುದುರಿದ ನಡುನೆತ್ತಿಯನ್ನು ಸವರಿದಳು.

ಆರನೇ ವಾರ ಗಂಟಲಕ್ಕ ಬಾಗಿಲಲ್ಲಿ ಬಂದು ನಿಂತಳು.

“ಏಳು. ಹಿಂದಿನ ಬಾಗಿಲು ತೆಗೆದಿದಾರೆ.”

ಬರಿ ಗಂಡಸರಿಂದಲೇ ಅಷ್ಟೂ ಮೂಟೆ ಏರುತ್ತಿರಲಿಲ್ಲ. ಗಂಡಸರು ಕೂಲಿ ಹೆಚ್ಚು ಕೇಳುತ್ತಿದ್ದರು. ಮೇಸ್ತ್ರಿ ಸುದ್ದಿ ಕಳಿಸಿದ್ದ. ಮಧ್ಯಾಹ್ನ ಸರ್ಕಾರದ ತಪಾಸಣೆಯವನು ಊಟಕ್ಕೆ ಹೋದ ಎರಡು ಗಂಟೆ ಮುಂದಿನ ಶಟರು ಎಳೆದಿರುತ್ತಾರೆ. ಆಗ ಬಂದರೆ ಕೆಲಸ ಉಂಟು. ಕೂಲಿ ಅರ್ಧ. ಬಿಲ್ಲೆ ಇಲ್ಲ. ಹೆಸರು ಬರೆಯುವುದಿಲ್ಲ. ಸದ್ದು ಮಾಡುವ ಹಾಗಿಲ್ಲ.

ತನ್ನ ಮುಖ ಕಂಡರೆ ಉಳಿದ ಹೆಂಗಸರಿಗೆ ಆಗುವುದಿಲ್ಲ, ತಾನು ಬರುವುದಿಲ್ಲ ಎಂದಳು ಗಿಡ್ಡಿ.

“ಕತ್ತಲೆ ಮೆಟ್ಟಿಲು ಕಣೇ. ಮುಖ ಕಾಣಲ್ಲ, ಬಾ.”

ಗಿಡ್ಡಿ ಏಳಲಿಲ್ಲ. ಗಂಟಲಕ್ಕ ಒಳಗೆ ಬಂದು ಅವಳ ಪಕ್ಕ ಕೂತಳು. ತಗ್ಗಿದ ದನಿಯಲ್ಲಿ ಅವಳು ಮಾತಾಡಿದ್ದನ್ನು ಗಿಡ್ಡಿ ಅದೇ ಮೊದಲು ಕೇಳಿದ್ದು.

“ನೀನು ಇದ್ದದ್ದು ಹೇಳಿದೆ. ಅದು ತಪ್ಪಲ್ಲ. ಕೇಳಿದೋರು ಅರ್ಧ ಕೇಳ್ಕೊಂಡ್ರು. ಅವರಿಗೆ ಖರ್ಚಿಲ್ಲದ ಅರ್ಧ.”

ಹಿಂದಿನ ಮೆಟ್ಟಿಲು ಕಸ ಇಳಿಸಲು ಕಟ್ಟಿದ್ದು. ಕಬ್ಬಿಣದ್ದು, ಇಕ್ಕಟ್ಟು, ಎರಡು ಕಡೆ ತಿರುವು. ಬೀದಿಯವರಿಗೆ ಕಾಣಬಾರದೆಂದು ಕಿಟಕಿಗೆ ಹಲಗೆ ಹೊಡೆದಿದ್ದರು. ಎರಡು ಗಂಟೆಯಲ್ಲಿ ಲಾರಿ ಖಾಲಿಯಾಗಬೇಕಾದ್ದರಿಂದ ಮೂಟೆ ಹೊತ್ತು ಓಡಬೇಕಿತ್ತು. ಮೊದಲು ನಡೆಯುತ್ತಿದ್ದರು, ಈಗ ಓಡುತ್ತಿದ್ದರು. ಮೊದಲು ನಲವತ್ತು ಜನ, ಈಗ ಹದಿನಾಲ್ಕು. ಗಂಟಲಕ್ಕ ಮುಂದೆ ಇರುತ್ತಿದ್ದಳು. ಮೊದಮೊದಲು ಅಭ್ಯಾಸಬಲದಿಂದ ಬಾಯಿ ತೆರೆಯುತ್ತಿದ್ದಳು. ಮೇಸ್ತ್ರಿ ಉಸ್ ಅನ್ನುತ್ತಿದ್ದ. ಆಮೇಲೆ ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹತ್ತಲು ಕಲಿತಳು. ಹಿಂದೆ ಬರುವವರಿಗೆ ಅವಳ ಮೂಗಿನ ಉಸಿರು ಮಾತ್ರ ಕೇಳುತ್ತಿತ್ತು.

ಮೆಳ್ಳಿಯೂ ಬರುತ್ತಿದ್ದಳು. ಗಿಡ್ಡಿಯ ಜೊತೆ ಮಾತಾಡುತ್ತಿರಲಿಲ್ಲ. ಆದರೆ ಒಂದು ದಿನ ಗಿಡ್ಡಿಯ ಸಿಂಬೆ ಜಾರಿದಾಗ ಹಿಂದಿನಿಂದ ಸರಿಮಾಡಿದ ಕೈ ಅವಳದೇ.

ಡಾಕ್ಟರಮ್ಮ ಒಮ್ಮೆ ರಸ್ತೆಯಲ್ಲಿ ಸಿಕ್ಕಳು. ಹೇಗಿದ್ದೀಯ, ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದಳು. ಗಿಡ್ಡಿಯ ಒಳಗಿನ ರಬ್ಬರ್ ಬಳೆ ಒತ್ತಿ ಒತ್ತಿ ಗಾಯವಾಗಿ ಬಟ್ಟೆಗೆ ರಕ್ತ ಅಂಟುತ್ತಿದ್ದ ದಿನಗಳು ಅವು. ಡಾಕ್ಟರಮ್ಮನ ಕಣ್ಣಲ್ಲಿ ಅಷ್ಟೊಂದು ಆಸೆ ಇತ್ತು. ಚೆನ್ನಾಗಿದ್ದೇನೆ ಎಂದಳು ಗಿಡ್ಡಿ. ಆ ಒಂದು ಸುಳ್ಳನ್ನು ಆಮೇಲೆ ಎಷ್ಟೋ ಸಲ ನೆನೆದು ಅವಳು ತನ್ನನ್ನೇ ಶಪಿಸಿಕೊಂಡಳು. ಅವತ್ತು ನಿಜ ಹೇಳಿದ್ದರೆ? ಆದರೆ ಒಮ್ಮೆ ನಿಜ ಹೇಳಿ ಕಂಡದ್ದಾಗಿತ್ತಲ್ಲ.

ಅದು ನಡೆದದ್ದು ಒಂದು ಗುರುವಾರ ಮಧ್ಯಾಹ್ನ. ಗಂಟಲಕ್ಕ ಮುಂದೆ, ಅವಳ ಹಿಂದೆ ಮೆಳ್ಳಿ, ಮೆಳ್ಳಿಯ ಹಿಂದೆ ಗಿಡ್ಡಿ. ಎರಡನೇ ತಿರುವಿನಲ್ಲಿ ಮೇಲಿಂದ ಒಬ್ಬ ಗಂಡಾಳು ಖಾಲಿ ಕ್ರೇಟುಗಳನ್ನು ಮುಖದವರೆಗೆ ಪೇರಿಸಿಕೊಂಡು ಇಳಿಯುತ್ತಿದ್ದ. ಅವನಿಗೆ ಮುಂದೆ ಕಾಣುತ್ತಿರಲಿಲ್ಲ. ಕೆಳಗಿನಿಂದ ಕೂಗು ಬರಲಿಲ್ಲವಾದ್ದರಿಂದ ದಾರಿ ಖಾಲಿ ಎಂದುಕೊಂಡ. ಕ್ರೇಟು ಮೂಟೆಗೆ ಬಡಿಯಿತು. ಮೂಟೆ ವಾಲಿತು. ಗಂಟಲಕ್ಕ ಅದನ್ನು ಬಿಡಲಿಲ್ಲ. ಬಿಟ್ಟರೆ ಹಿಂದೆ ಬರುವವರ ಮೇಲೆ ಬೀಳುತ್ತಿತ್ತು. ಕತ್ತು ತಿರುಚಿದ ಸದ್ದು ಗಿಡ್ಡಿಗೆ ಕೇಳಿಸಿತು, ಒಣ ಕಡ್ಡಿ ಮುರಿದ ಹಾಗೆ. ಗಂಟಲಕ್ಕ ಮೆಟ್ಟಿಲ ಮೇಲೆ ಅಂಗಾತ ಬಿದ್ದಳು. ಮೂಟೆ ಅವಳ ಎದೆಯ ಮೇಲೆ ಕೂತಿತು. ಬಾಯಿ ತೆರೆದೇ ಇತ್ತು. ಸೆರಗು ಹಲ್ಲಿಗೆ ಸಿಕ್ಕಿಕೊಂಡಿತ್ತು. ಆಗಲೂ ಅವಳಿಂದ ಒಂದು ಸದ್ದು ಬರಲಿಲ್ಲ.

ಕ್ರೇಟಿನವನು ಅಲ್ಲೇ ಕುಸಿದು, ಕಾಣಲಿಲ್ಲ, ಕಾಣಲಿಲ್ಲ ಎಂದು ಅಳತೊಡಗಿದ. ಮೇಸ್ತ್ರಿ ಓಡಿಬಂದ. ಹೊರಗೆ ಎತ್ತಿ, ಗಾಳಿ ಬೇಕು ಎಂದ. ನಾಲ್ಕು ಜನ ಎತ್ತಿದರು. ಕಾಲು ಹಿಡಿದವಳು ಗಿಡ್ಡಿ. ಹಿಂದಿನ ಬೀದಿಗೆ ತಂದರು. ಅಲ್ಲಿ ಗಾಳಿ ಇತ್ತು. ಇಲ್ಲಲ್ಲ, ಇನ್ನೂ ಮುಂದೆ ಎಂದ ಮೇಸ್ತ್ರಿ. ಮೂಲೆ ತಿರುಗಿದರು. ಇನ್ನೂ ಮುಂದೆ. ದೊಡ್ಡ ರಸ್ತೆಯ ಫುಟ್‌ಪಾತಿನ ಮೇಲೆ, ತರಕಾರಿ ಗಾಡಿಗಳ ಪಕ್ಕ ಮಲಗಿಸಿದರು. ಆಮೇಲೆ ಮೇಸ್ತ್ರಿ ಆಂಬುಲೆನ್ಸಿಗೆ ಫೋನು ಮಾಡಿದ. ಅದು ಬರುವ ಮುಂಚೆ ಅವನು ಒಂದು ಬಟ್ಟೆ ಚೀಲಕ್ಕೆ ನಾಲ್ಕು ಈರುಳ್ಳಿ ಹಾಕಿ ತಂದು ಗಂಟಲಕ್ಕನ ಕೈಯ ಪಕ್ಕ ಇಟ್ಟ. ಚೀಲದ ಹಿಡಿಯೊಳಗೆ ಅವಳ ಬೆರಳನ್ನು ತೂರಿಸಿದ.

ಗಿಡ್ಡಿ ಅದನ್ನು ನೋಡಿದಳು. ನೋಡುತ್ತ ನಿಂತಳು. ಯಾಕೆ ಎಂದು ಅವಳ ತಲೆಗೆ ಹೋಗುವಷ್ಟರಲ್ಲಿ ಆಂಬುಲೆನ್ಸ್ ಬಂದು ಹೋಗಿತ್ತು. ಗಂಟಲಕ್ಕ ಆಸ್ಪತ್ರೆ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಮಿಕ ಅಧಿಕಾರಿಯ ಕಚೇರಿಗೆ ಗಿಡ್ಡಿಯನ್ನು ಕರೆಸಿದರು. ಗಂಟಲಕ್ಕನ ಮಗಳು ಅಲ್ಲಿದ್ದಳು. ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣು, ಸೊಂಟದ ಮೇಲೆ ಎರಡು ವರ್ಷದ ಕೂಸು. ಡಾಕ್ಟರಮ್ಮನೂ ಬಂದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ರಾತ್ರಿಯೆಲ್ಲ ಅತ್ತ ಮುಖ. ಅಧಿಕಾರಿ ಒಳ್ಳೆಯ ಮನುಷ್ಯ. ಹೆಂಗಸರಿಗೆ ಕುರ್ಚಿ ಹಾಕಿಸಿದ. ಕೂಸಿಗೆ ಬಿಸ್ಕತ್ತು ತರಿಸಿದ. ಆಮೇಲೆ ಬರೆದಿಟ್ಟ ಹೇಳಿಕೆಯನ್ನು ಓದಿದ. ಮೃತಳು ತರಕಾರಿ ಕೊಳ್ಳಲು ಬಂದಿದ್ದು, ಫುಟ್‌ಪಾತಿನಲ್ಲಿ ಎಡವಿ ಬಿದ್ದಳು. ಕೆಳಗೆ ಗಿಡ್ಡಿಯ ಹೆಬ್ಬೆಟ್ಟಿಗೆ ಜಾಗ.

ಹೀಗೇಕೆ ಬರೆಯಬೇಕಾಯಿತು ಎಂದು ಅವನೇ ದನಿ ತಗ್ಗಿಸಿ ವಿವರಿಸಿದ. ಮೂಟೆ ಹೊರುವಾಗ ಸತ್ತಳು ಎಂದು ಬರೆದರೆ ಅದು ಕಾನೂನು ಮೀರಿದ ಕೆಲಸ. ಕಾನೂನು ಮೀರಿದ ಕೆಲಸಕ್ಕೆ ಪರಿಹಾರ ಇಲ್ಲ. ದಾರಿಹೋಕಳು ಎಂದು ಬರೆದರೆ ಬಡವರ ನಿಧಿಯಿಂದ ಈ ಹುಡುಗಿಗೆ ಏನಾದರೂ ಕೊಡಿಸಬಹುದು. ತನಗೆ ಇದರಲ್ಲಿ ಲಾಭವಿಲ್ಲ, ಕೂಸಿನ ಮುಖ ನೋಡಿ ಮಾಡುತ್ತಿದ್ದೇನೆ ಎಂದ. ಅವನು ಹೇಳಿದ್ದೆಲ್ಲ ನಿಜವೇ ಇತ್ತು.

ಗಿಡ್ಡಿ ಮಗಳ ಕಡೆ ತಿರುಗಿದಳು. “ಹೋದೋಳು ನಿನ್ನ ತಾಯಿ. ನೀನು ಒತ್ತು ಅಂದ್ರೆ ಒತ್ತುತೀನಿ ಮಗಳೇ.”

ಮಗಳು ಕೂಸಿನ ಬಾಯಿಯ ಬಿಸ್ಕತ್ತಿನ ಚೂರನ್ನು ಒರೆಸಿದಳು. ತುಂಬ ಹೊತ್ತು ಒರೆಸುತ್ತಲೇ ಇದ್ದಳು.

“ನಮ್ಮಮ್ಮ ಆ ಮಾರ್ಕೆಟ್ಟಿಂದ ಯಾವತ್ತೂ ಏನೂ ಕೊಂಡು ತಂದಿಲ್ಲ,” ಅಂದಳು. ಅಷ್ಟೇ ಅಂದಳು.

ಗಿಡ್ಡಿ ಶಾಯಿಯ ಡಬ್ಬಿಯನ್ನು ಮೇಜಿನ ಆ ತುದಿಗೆ ತಳ್ಳಿದಳು.

“ಅವಳು ಹಮಾಲಿ. ಮೂಟೆ ಹೊರ್ತಾ ಸತ್ತಳು. ಹಿಂದೆ ನಾನಿದ್ದೆ. ನನ್ನ ತಲೆ ಮೇಲೂ ಮೂಟೆ ಇತ್ತು. ಅದನ್ನ ಬರೀರಿ.”

ಹಾಗೆ ಬರೆದರೆ ನಿನ್ನ ಮೇಲೂ ಕೇಸಾಗುತ್ತದೆ ಎಂದ ಅಧಿಕಾರಿ.

“ಬರೀರಿ.”

“ಹೆಂಗಸರು ಅಲ್ಲಿ ಮೂಟೆ ಹೊರೋ ಹಾಗಿಲ್ಲಮ್ಮ. ಹಾಗಿಲ್ಲ ಅಂದ್ಮೇಲೆ ಹೊತ್ತಳು ಅಂತ ಹೇಗೆ ಬರೀಲಿ?”

ಗಿಡ್ಡಿ ಎದ್ದು ನಿಂತಳು. ನಿಂತರೂ ಮೇಜು ಅವಳ ಹೊಟ್ಟೆಯ ಮಟ್ಟಕ್ಕೆ ಬರುತ್ತಿತ್ತು.

“ನಿನ್ನೆ ಅವಳ ಕಾಲು ಹಿಡಿದು ಬೀದಿಗೆ ಹಾಕಿದೋಳು ನಾನೇ ಸ್ವಾಮಿ. ಗೊತ್ತಾಗದೆ ಹಾಕಿದೆ. ಇವತ್ತು ಗೊತ್ತಿದ್ದು ಇನ್ನೊಂದು ಸಲ ಹಾಕಲ್ಲ.”

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕೊನೆಗೆ ಹೆಬ್ಬೆಟ್ಟಿನ ಜಾಗದಲ್ಲಿ, ಸಾಕ್ಷಿ ನಿರಾಕರಿಸಿದ್ದಾಳೆ ಎಂದು ಬರೆದ.

ಶವವನ್ನು ಆಸ್ಪತ್ರೆಯ ಗಾಡಿ ದೊಡ್ಡ ರಸ್ತೆಯವರೆಗೆ ತಂದಿತು. ಗಂಟಲಕ್ಕನ ಮನೆಯ ಗಲ್ಲಿಯೊಳಗೆ ಅದು ಬರುವಂತಿರಲಿಲ್ಲ. ಗಂಡಸು ಹಮಾಲಿಗಳು ಬಂದು ಕಾಯುತ್ತಿದ್ದರು, ಕ್ರೇಟಿನವನೂ ಇದ್ದ, ತಲೆ ಎತ್ತದೆ. ಅವರು ಹೆಗಲು ಕೊಡಲು ಮುಂದೆ ಬಂದಾಗ ಮೆಳ್ಳಿ ಅಡ್ಡ ನಿಂತಳು. ಬೇಡ, ನಾವೇ ಹೊರುತ್ತೇವೆ ಎಂದಳು. ಆರು ಹೆಂಗಸರು ಎತ್ತಿದರು. ಗಿಡ್ಡಿಯನ್ನು ಬೇಡ ಎಂದರು, ಅವಳು ಕೇಳಲಿಲ್ಲ. ಅವಳ ಹೆಗಲು ತಗ್ಗು, ಚಟ್ಟ ಒಂದು ಕಡೆ ವಾಲಿತು. ಆಗ ಮೆಳ್ಳಿ ಏನೋ ಅಂದಳು. ಉಳಿದ ಐದೂ ಜನ ಮಂಡಿ ಬಗ್ಗಿಸಿ ಗಿಡ್ಡಿಯ ಎತ್ತರಕ್ಕೆ ಇಳಿದು ನಡೆದರು.

ಮನೆಯ ಕಡೆ ಹೋಗಲಿಲ್ಲ. ಮೊದಲು ಮಾರುಕಟ್ಟೆಯ ಮುಂದಿನ ಗೇಟಿಗೆ ಹೋದರು. ಕಾವಲುಗಾರ ಅಭ್ಯಾಸದಿಂದ ಸೀಟಿಯನ್ನು ಬಾಯಿಗಿಟ್ಟ.

“ಐವತ್ತೆಂಟು ಕಿಲೋ ಇದಾಳೆ,” ಎಂದಳು ಮೆಳ್ಳಿ. “ಹಿಡ್ಕೊಳ್ಳಿ ನಮ್ಮನ್ನ.”

ಸೀಟಿ ಊದಲಿಲ್ಲ. ಶಟರುಗಳ ಹಿಂದೆ ಮಾತು ನಿಂತಿತು. ಹೆಂಗಸರು ಅಲ್ಲಿ ಒಂದಿಷ್ಟು ಹೊತ್ತು ನಿಂತು, ಹೆಗಲು ಬದಲಿಸಿ ಮುಂದೆ ನಡೆದರು.

ಡಾಕ್ಟರಮ್ಮ ಹಿಂದೆಯೇ ಬರುತ್ತಿದ್ದಳು. ಗಿಡ್ಡಿಯ ಮುಖ ಬೂದಿಯಾಗಿತ್ತು, ಕಾಲಿನ ಮೇಲೆ ಹಿಮ್ಮಡಿಯವರೆಗೆ ರಕ್ತ ಇಳಿದಿತ್ತು. ಡಾಕ್ಟರಮ್ಮ ಓಡಿಬಂದು, ನೀನು ಬಿಡು, ನಾನು ಹೊರುತ್ತೇನೆ ಎಂದು ಬೇಡಿಕೊಂಡಳು. ನನ್ನನ್ನು ಕ್ಷಮಿಸು ಎಂದಳು.

ಗಿಡ್ಡಿ ನಿಲ್ಲಲಿಲ್ಲ. “ಹೊರೋದು ನಮಗೆ ಬರುತ್ತೆ ಡಾಕ್ಟರಮ್ಮ. ಬರೆಯೋದು ನಿಮಗೆ ಬರುತ್ತೆ. ಹೋಗಿ ಬರೀರಿ. ಈ ಸಲ ಮೂರನೇ ಪುಟನ ಮೊದಲು ಹಾಕಿ.”

ಡಾಕ್ಟರಮ್ಮ ರಸ್ತೆಯ ನಡುವೆ ನಿಂತಳು. ಹೆಂಗಸರು ಮುಂದೆ ಹೋದರು.

ಅವಳು ಬರೆದಳು. ಈ ಸಲ ಹೆಂಗಸರ ನಡುವೆ ಕೂತು, ಓದಿ ಓದಿ ಹೇಳಿ ಬರೆದಳು. ಗಿಡ್ಡಿಗೆ ಗರ್ಭಕೋಶ ತೆಗೆಯಬೇಕಾಯಿತು. ಅದನ್ನೂ ಅವಳೇ ಮುಂದೆ ನಿಂತು ಮಾಡಿಸಿದಳು. ಇನ್ನು ಗಿಡ್ಡಿ ಬಕೆಟ್ಟು ನೀರನ್ನೂ ಎತ್ತುವ ಹಾಗಿರಲಿಲ್ಲ. ಏಳು ತಿಂಗಳ ಮೇಲೆ ಗಂಟಲಕ್ಕನ ಮಗಳ ವಿಳಾಸಕ್ಕೆ ಉತ್ತರ ಬಂತು. ಮಗಳು ಅದನ್ನು ಗಿಡ್ಡಿಯ ಮನೆಗೆ ತಂದು ಎಲ್ಲರ ಮುಂದೆ ಓದಿದಳು. ಸದರಿ ಮಾರುಕಟ್ಟೆಯಲ್ಲಿ ಕಾನೂನು ಬಂದ ದಿನದಿಂದ ಹೆಂಗಸು ಹಮಾಲಿಗಳು ಯಾರೂ ಇರುವುದಿಲ್ಲ. ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ.

ಕೋಣೆಯಲ್ಲಿ ಹನ್ನೆರಡು ಹೆಂಗಸರು ಕೂತಿದ್ದರು. ಕತ್ತು ತಿಕ್ಕಿಕೊಳ್ಳುತ್ತ ಕೇಳಿದರು. ಮಧ್ಯಾಹ್ನದ ಮೂಟೆಗಳ ನೋವು ಇನ್ನೂ ಇಳಿದಿರಲಿಲ್ಲ.

ಮರುದಿನ ಅವರು ಹಿಂದಿನ ಬೀದಿಗೆ ತಿರುಗಲಿಲ್ಲ. ಮುಂದಿನ ಗೇಟಿಗೆ ಹೋಗಿ ಸಾಲಾಗಿ ನಿಂತರು. ಇಪ್ಪತ್ತು ಕಿಲೋ ಮೂಟೆ ಕೊಡಿ, ಬಿಲ್ಲೆ ವಾಪಸು ಕೊಡಿ ಎಂದರು. ಗೇಟು ಮುಚ್ಚಿತು. ಒಳಗೆ ಲಾರಿ ಖಾಲಿಯಾಗುವ ಸದ್ದು ಕೇಳುತ್ತಿತ್ತು. ಸಂಜೆಯವರೆಗೆ ನಿಂತು ಮನೆಗೆ ಹೋದರು. ಎರಡನೇ ದಿನ ಒಂಬತ್ತು ಜನ ಬಂದರು. ಮೂರನೇ ದಿನ ಐದು. ಬರದವರನ್ನು ಗಿಡ್ಡಿ ಬೈಯಲಿಲ್ಲ, ಅವರವರ ಒಲೆ ಅವರಿಗೆ ಗೊತ್ತು. ನಾಲ್ಕನೇ ದಿನ ಮೆಳ್ಳಿ ಮೂಲೆಯವರೆಗೆ ಜೊತೆಗೆ ಬಂದು, ಗಿಡ್ಡಿಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು, ಹಿಂದಿನ ಬೀದಿಗೆ ತಿರುಗಿದಳು. ಅವಳಿಗೆ ಮೂರು ಮಕ್ಕಳು.

ಗಿಡ್ಡಿ ಒಬ್ಬಳೇ ಗೇಟಿನ ಮುಂದೆ ನಿಂತಳು. ಹೊತ್ತೇರಿತು. ಕಾವಲುಗಾರ ತನ್ನ ಸ್ಟೂಲನ್ನು ಅವಳ ಕಡೆ ಸರಿಸಿದ. ಅವಳು ಕೂರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಟಲಕ್ಕನ ಮಗಳು ಇಸ್ತ್ರಿ ಅಂಗಡಿಯಿಂದ ಬಂದಳು. ಮೈಯೆಲ್ಲ ಬೆವರು, ಬೆರಳುಗಳಲ್ಲಿ ಸುಟ್ಟ ಗುರುತು. ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಗಿಡ್ಡಿಯ ಪಕ್ಕದಲ್ಲಿ ನಿಂತಳು.